ಮೈಲುತುತ್ತ ತಿಂದ ಜೀಪು

ಮೆಣಸೆಯ ಸೋದರಮಾವನ ಕೊಟ್ಟಿಗೆಯ ಹಿಂದೆ ಆ ಜೀಪು ಒಂಬತ್ತು ವರ್ಷ ನಿಂತಿತ್ತು. ನಾನು ಅದನ್ನು ಸರಿಯಾಗಿ ನೋಡಿದ್ದು ಬಿ.ಕಾಂ. ಎರಡನೇ ವರ್ಷದಲ್ಲಿ, ದೀಪಾವಳಿ ಕಳೆದು ಅಡಿಕೆ ಸುಲಿತಕ್ಕೆ ಅಲ್ಲಿಗೆ ಹೋದಾಗ. ಬಾನೆಟ್ಟಿನ ಮೇಲೆ ಅಡಿಕೆ ಹಾಳೆ ಒಣಗಲು ಹಾಕಿದ್ದರು. ಸ್ಟೀರಿಂಗಿಗೆ ಬಳ್ಳಿ ಸುತ್ತಿಕೊಂಡಿತ್ತು. ಕಾಲಿಡುವ ಜಾಗದಲ್ಲಿ ತಗಡಿಗಿಂತ ತೂತೇ ಹೆಚ್ಚು. ಒಂದು ತೂತಿನಿಂದ ಕೆಸುವಿನ ಗಿಡ ಆರಾಮಾಗಿ ತಲೆ ಎತ್ತಿತ್ತು.

ಆ ಜೀಪಿನ ಮೇಲೆ ನನಗೆ ಮಮತೆ ಗಿಮತೆ ಏನೂ ಇರಲಿಲ್ಲ. ಅದು ಓಡುತ್ತಿದ್ದ ಕಾಲದಲ್ಲಿ ಹಿಂದಿನ ಸೀಟಿನಲ್ಲಿ ಕೂತು ಸಿರಿಮನೆ ಜಲಪಾತಕ್ಕೆ ಹೋಗಿದ್ದೆ, ದಾರಿಯುದ್ದಕ್ಕೂ ವಾಂತಿ ಮಾಡಿದ್ದೆ, ಅಷ್ಟೇ ನೆನಪು. ಆದರೆ ಬಾಳಗಡಿಯ ಕಾಲೇಜಿಗೆ ಸೇರಿದ ಮೇಲೆ ಒಂದೂವರೆ ವರ್ಷ ಪುಸ್ತಕ ಬಿಟ್ಟು ಬೇರೇನನ್ನೂ ನಾನು ಮುಟ್ಟಿರಲಿಲ್ಲ. ಕೆಟ್ಟು ಕೂತ ಒಂದು ವಸ್ತು ನನ್ನ ಕೈಯಿಂದಲೇ ಸರಿಯಾಗಬೇಕು ಅನ್ನಿಸಿಬಿಟ್ಟಿತು. ಆಸೆ ಅಂದರೆ ಸುಳ್ಳಾಗುತ್ತದೆ. ಹಟ ಅದು.

ಬಗ್ಗಿ ನೋಡಿದರೆ ತೂತುಗಳ ಅಂಚಿನಲ್ಲೆಲ್ಲ ನೀಲಿ ಕಲೆ. ಅಡಿಕೆಗೆ ಕೊಳೆರೋಗ ಬರದಂತೆ ಹೊಡೆಯುವ ಔಷಧಿಗೆ ಮೈಲುತುತ್ತ, ಅಂದರೆ ತಾಮ್ರದ ನೀಲಿ ಉಪ್ಪು, ಬೇಕು. ಮಾವ ವರ್ಷಗಟ್ಟಲೆ ಅದನ್ನು ಇದೇ ಜೀಪಿನಲ್ಲಿ ತೋಟಕ್ಕೆ ಸಾಗಿಸಿದ್ದರು. ಚೀಲದಿಂದ ಚೆಲ್ಲಿದ್ದನ್ನು ಯಾರೂ ತೊಳೆದಿರಲಿಲ್ಲ. ಮೈಲುತುತ್ತಕ್ಕೆ ಕಬ್ಬಿಣ ಸಿಕ್ಕಿದರೆ ಬಿಡುವುದಿಲ್ಲ, ತಿಂದೇ ತಿನ್ನುತ್ತದೆ.

ನನ್ನ ನಾಲಿಗೆಗೆ ಬ್ರೇಕು ಆಗಲೂ ಇರಲಿಲ್ಲ. "ಮಾವ, ಇದು ಹಳತಾಗಿ ಸತ್ತಿದ್ದಲ್ಲ. ನೀವೇ ಮೈಲುತುತ್ತ ತಿನ್ನಿಸಿ ಸಾಯಿಸಿದ್ದು. ಇಷ್ಟು ವರ್ಷ ತೋಟ ಮಾಡಿದೋರಿಗೆ ಅಷ್ಟೂ ಗೊತ್ತಾಗ್ಲಿಲ್ವಾ?" ಎಂದೆ.

ಅಡಿಕೆ ಸುಲಿಯುತ್ತ ಕೂತಿದ್ದ ಏಳೆಂಟು ಜನ ಗೊಳ್ಳೆಂದು ನಕ್ಕರು. ಮಾವ ನಗಲಿಲ್ಲ. ಬಾಯಲ್ಲಿದ್ದ ಕವಳ ಉಗಿದು ಬಂದು ನನ್ನ ಎದುರು ನಿಂತರು.

"ಬಾಯಿ ಜೋರಿದೆ. ಕೈ ಎಷ್ಟು ಜೋರಿದೆ ನೋಡುವ. ತಗೊಂಡು ಹೋಗು ಮಾರಾಯ್ತಿ. ಮಳೆಗಾಲ ಹಿಡಿಯೋದ್ರೊಳಗೆ ಇದು ತನ್ನ ಇಂಜಿನ್ನಿಂದ್ಲೇ ಈ ಅಂಗಳಕ್ಕೆ ಹತ್ತಿ ಬಂದ್ರೆ ನಿಂದು. ಇಲ್ದಿದ್ರೆ ಗುಜರಿಯವ್ನಿಗೆ. ಅವ ಹೋದ ವರ್ಷದಿಂದ ಕೇಳ್ತಾ ಇದಾನೆ."

ಆ ಅಂಗಳಕ್ಕೆ ಹತ್ತುವ ದಾರಿ ಎಂಥದ್ದೆಂದರೆ ಹಾಲಿನವನು ಬೈಕನ್ನು ಕೆಳಗೇ ನಿಲ್ಲಿಸಿ ನಡೆದು ಬರುತ್ತಾನೆ. ಆದರೂ "ಆಯ್ತು" ಎಂದುಬಿಟ್ಟೆ. ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಜೀಪು ಕೊಪ್ಪಕ್ಕೆ, ನಮ್ಮ ಮನೆಗೆ ಬಂತು. ಅಪ್ಪ ಅದನ್ನು ಒಂದು ಸುತ್ತು ಹಾಕಿ, "ಇದ್ನ ಎಂತಕ್ಕೆ ಹೊತ್ಕೊಂಡು ಬಂದೆ? ಅಲ್ಲೇ ಮಣ್ಣು ಮಾಡಿದ್ರೆ ಆಗ್ತಿತ್ತು" ಎಂದರು. ಮರುದಿನ ತಾವೇ ಶೆಡ್ಡಿನ ಅರ್ಧ ಭಾಗ ಖಾಲಿ ಮಾಡಿಕೊಟ್ಟರು.

ಜೀಪಿನ ಬಗ್ಗೆ ತಿಳಿದವರು ಯಾರೆಂದು ವಿಚಾರಿಸಿದಾಗ ಎಲ್ಲರ ಬಾಯಲ್ಲೂ ಬಂದದ್ದು ನರಸಿಂಹರಾಜಪುರದ ಒಬ್ಬ ಹಳೆಯ ಮೆಕ್ಯಾನಿಕ್. ಗ್ಯಾರೇಜು ಮುಚ್ಚಿ ಮನೆಯಲ್ಲಿ ಕೂತಿದ್ದರು; ಸೊಂಟ ಬಗ್ಗುತ್ತಿರಲಿಲ್ಲ. ಹುಡುಗಿ ಅಂತ ಕೊಂಕು ಮಾತಾಡಿದರೆ ತಿರುಗಿ ಕೊಡಲು ನಾನು ಉತ್ತರ ತಯಾರು ಮಾಡಿಕೊಂಡೇ ಹೋಗಿದ್ದೆ. ಅವರು ನನ್ನ ಉಗುರು ನೋಡಿದರು. "ಇದ್ನ ಮೊದ್ಲು ಕತ್ತರಿಸು. ಕೈ ನಿಂದು, ಬಾಯಿ ನಂದು. ನಾನು ಸ್ಪ್ಯಾನರ್ ಮುಟ್ಟಲ್ಲ" ಎಂದರು. ತಯಾರಿ ಮಾಡಿಕೊಂಡಿದ್ದ ಉತ್ತರವೆಲ್ಲ ದಂಡವಾಯಿತು.

ಅಂದಿನಿಂದ ಪ್ರತಿ ಭಾನುವಾರ ಬಿಚ್ಚಿದ ಒಂದೊಂದು ಭಾಗವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದೆ. ಒಮ್ಮೆ ಡೀಸೆಲ್ ಪಂಪು, ಒಮ್ಮೆ ಕ್ಲಚ್ ಪ್ಲೇಟು. ಬಸ್ಸು ಎಷ್ಟೇ ತುಂಬಿದ್ದರೂ ವಾಸನೆಗೆ ನನ್ನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಅವರು ಜಗಲಿಯ ಕುರ್ಚಿಯಲ್ಲಿ ಕೂತು ಹೇಳುವರು, ನಾನು ನೆಲದಲ್ಲಿ ಕೂತು ಬಿಚ್ಚಿ ಜೋಡಿಸುವೆ. ತಪ್ಪಿದರೆ ಎಲ್ಲಿ ತಪ್ಪಿತೆಂದು ಹೇಳುತ್ತಿರಲಿಲ್ಲ, "ಮತ್ತೆ ಬಿಚ್ಚು" ಅಷ್ಟೇ. ಒಂದು ಪಂಪನ್ನು ಆರು ಸಲ ಬಿಚ್ಚಿದ್ದೇನೆ. ಆರನೇ ಸಲ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅವರು ನೋಡಿಯೂ ನೋಡದವರಂತೆ ಒಳಗೆ ಕಾಫಿಗೆ ಹೇಳಿದರು.

ಉಳಿದ ದಿನಗಳಲ್ಲಿ ಕಾಲೇಜು ಬಿಟ್ಟ ಮೇಲೆ ವೈರ್ ಬ್ರಷ್ ಹಿಡಿದು ತುಕ್ಕು ಕೆರೆಯುವುದು. ವೆಲ್ಡಿಂಗಿನವರು ಬಂದು ತಳಕ್ಕೆ ಹೊಸ ತಗಡು ಬೆಸೆದು ಹೋದರು. ಜನವರಿ ಮುಗಿಯುವ ಹೊತ್ತಿಗೆ ಹಳೆಯ ಬಣ್ಣವೆಲ್ಲ ಹೋಗಿ ಚಾಸಿ, ಬಾಡಿ ಎರಡೂ ಬರೀ ಕಬ್ಬಿಣವಾಗಿ ಹೊಳೆದವು. ಆ ದಿನ ಊಟಕ್ಕೂ ಹೋಗದೆ ಅದನ್ನೇ ನೋಡುತ್ತ ಕೂತಿದ್ದೆ.

ಬಣ್ಣದ ಅಡಿಗೆ ಹಚ್ಚುವ ಪ್ರೈಮರ್ ಬಳಿಯುವ ಮೊದಲು ದೂಳು ತೊಳೆಯಬೇಕಿತ್ತು. ಶೆಡ್ಡಿನ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಡ್ರಮ್ಮಿಗೆ ಪೈಪಿನಲ್ಲಿ ನೀರು ಬಿಟ್ಟು, ಬಕೆಟ್ಟಿನಲ್ಲಿ ಎತ್ತಿ ಎತ್ತಿ ಸುರಿದೆ. ನೀರು ಆರಿದ ಮೇಲೆ ನೋಡಿದರೆ ಕಬ್ಬಿಣಕ್ಕೆ ಒಂದು ಬಗೆಯ ಕೆಂಪು ಹೊಳಪು ಬಂದಿತ್ತು, ಹುಣಸೆಹುಳಿ ಹಾಕಿ ತಿಕ್ಕಿದ ತಾಮ್ರದ ಚೊಂಬಿನ ಹಾಗೆ. ನನ್ನ ಕೆರೆತದ ಫಲ ಎಂದು ಹಿಗ್ಗಿ, ಅದರ ಮೇಲೇ ಎರಡು ಕೋಟು ಪ್ರೈಮರ್ ಬಳಿದೆ.

ಮೂರು ವಾರಕ್ಕೆ ಪ್ರೈಮರ್ ಅಲ್ಲಲ್ಲಿ ಗುಳ್ಳೆ ಎದ್ದಿತು. ಉಗುರಿನಿಂದ ಎತ್ತಿದರೆ ಅಂಗೈಯಗಲದ ಹಕ್ಕಳೆ ಕಿತ್ತು ಬಂತು. ಅದನ್ನೇ ಹಿಡಿದುಕೊಂಡು ನರಸಿಂಹರಾಜಪುರಕ್ಕೆ ಹೋದೆ. ಮೆಕ್ಯಾನಿಕ್ ಅದನ್ನು ಬಿಸಿಲಿಗೆ ಹಿಡಿದು ಹಿಂದು ಮುಂದು ತಿರುಗಿಸಿದರು.

"ಇದು ತುಕ್ಕಲ್ಲ, ತಾಮ್ರ. ಯಾವ ನೀರಲ್ಲಿ ತೊಳೆದೆ?"

"ಡ್ರಮ್ಮಿಂದು."

"ಯಾವ ಡ್ರಮ್ಮು?"

ಅದು ಅಪ್ಪ ಮಳೆಗಾಲದಲ್ಲಿ ಮೈಲುತುತ್ತ ನೆನೆಸುವ ಡ್ರಮ್ಮು. ತಳದಲ್ಲಿ ಒಣಗಿ ಅಂಟಿದ್ದದ್ದು ನನ್ನ ನೀರಿನಲ್ಲಿ ಕರಗಿತ್ತು.

ನಮ್ಮ ಕಡೆ ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಮೇಲೆ ಹದ ನೋಡಲು ಅದರಲ್ಲಿ ಕತ್ತಿ ಅದ್ದುತ್ತಾರೆ. ಕಬ್ಬಿಣಕ್ಕೆ ತಾಮ್ರ ಹತ್ತಿ ಕತ್ತಿ ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಎಂಟನೇ ಕ್ಲಾಸಿನಿಂದ ನಮ್ಮ ಮನೆಯಲ್ಲಿ ಕತ್ತಿ ಅದ್ದುವ ಕೆಲಸ ನನ್ನದೇ. "ಅಪ್ಪ, ಕೆಂಪಾಯ್ತು, ಇನ್ನೂ ಸುಣ್ಣ ಬೇಕು" ಎಂದು ಎಷ್ಟು ಸಲ ಕೂಗಿದ್ದೆನೋ. ಅದೇ ಕೆಂಪು ಇಡೀ ಜೀಪಿನ ಮೇಲೆ ಕಂಡಾಗ ಹೊಳಪು ಎಂದುಕೊಂಡಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಏಳೆಂಟು ಜನರೆದುರು ಮಾವನ ಮರ್ಯಾದೆ ತೆಗೆದವಳು ಅವರು ಮಾಡಿದ್ದನ್ನೇ ಮಾಡಿದ್ದೆ. ಬಸ್ಸಿನಲ್ಲಿ ಬರುವಾಗ ನಾಚಿಕೆಯಿಂದ ಮುಖ ಸುಡುತ್ತಿತ್ತು.

ಮಾವನಿಗೆ ಫೋನ್ ಮಾಡಲು ಮೂರು ದಿನ ಬೇಕಾಯಿತು. ಆದದ್ದನ್ನೆಲ್ಲ ಹೇಳಿದೆ. "ಅವತ್ತು ನಿಮ್ಗೆ ಹಾಗೆ ಹೇಳ್ಬಾರ್ದಿತ್ತು ಮಾವ" ಎಂದೂ ಹೇಳಿದೆ. ಮಾವ ಎಲ್ಲ ಕೇಳಿಸಿಕೊಂಡು, "ಹ್ಞೂಂ. ಗಡುವು ಮಾತ್ರ ಬದ್ಲಾಗಲ್ಲ" ಎಂದರು.

ಬದಲಾಯಿಸಿ ಎಂದು ನಾನೂ ಕೇಳಲಿಲ್ಲ. ಮತ್ತೆ ಮೊದಲಿನಿಂದ ಕೆರೆದೆ. ಎರಡು ತಿಂಗಳ ಕೆಲಸವನ್ನು ಒಂದು ತಿಂಗಳಲ್ಲಿ ಮಾಡಬೇಕಿತ್ತು. ಬೆಳಗ್ಗೆ ಕಾಲೇಜಿಗೆ ಮುಂಚೆ ಒಂದು ಗಂಟೆ, ಸಂಜೆ ಮೂರು ಗಂಟೆ. ತೊಳೆಯುವ ನೀರನ್ನು ಬಾವಿಯಿಂದ ನಾನೇ ಸೇದಿದೆ. ಪರೀಕ್ಷೆ ನಡುವೆ ಬಂತು, ಹೇಗೋ ಪಾಸಾದೆ. ಮೇ ತಿಂಗಳಲ್ಲಿ ಇಂಜಿನ್ನು ಮೊದಲ ಸಲ ಹೊತ್ತಿಕೊಂಡಾಗ ಶೆಡ್ಡಿನ ತುಂಬ ಕರಿಹೊಗೆ. ಅಪ್ಪ ಕೆಮ್ಮುತ್ತ ಹೊರಗೋಡಿದರು, ನಾನು ಅಳುತ್ತ ಕೂತೆ. ಗಾಡಿ ರಸ್ತೆಗಿಳಿಯಲು ಬೇಕಾದ ಎಫ್.ಸಿ. ಕಾಗದ ಕೈಗೆ ಬರುವಾಗ ತಿಂಗಳ ಕೊನೆ.

ಮಳೆಗಾಲ ಇನ್ನೂ ಹಿಡಿಯದಿದ್ದರೂ ಮೆಣಸೆಗೆ ಹೊರಡುವ ಹಿಂದಿನ ಸಂಜೆ ಒಂದು ದೊಡ್ಡ ಮಳೆ ಬಿದ್ದಿತ್ತು. ಮಾವನ ಮನೆಯ ಏರಿನ ಕೆಮ್ಮಣ್ಣು ನುಣ್ಣಗಾಗಿತ್ತು. ಮಾವ ಮೇಲೆ ಅಂಗಳದ ತುದಿಯಲ್ಲಿ ಕೈಕಟ್ಟಿ ನಿಂತಿದ್ದರು. ನಾನು ಮೊದಲ ಗೇರಿಗೆ ಹಾಕಿ ಹೊಡೆದೆ. ಅರ್ಧ ಏರಿನಲ್ಲಿ ಹಿಂದಿನ ಚಕ್ರ ಜಾರಿ ಗಿರಗಿರನೆ ತಿರುಗಿತು. ನಾಲ್ಕೂ ಚಕ್ರ ಎಳೆಯುವ ಸಣ್ಣ ಗೇರನ್ನು ಎಳೆದು ಮತ್ತೆ ಹೊಡೆದೆ. ಊಹೂಂ. ಜೀಪು ಹಿಂದಕ್ಕೆ ಜಾರಿ ದಾರಿ ಬದಿಯ ಮಣ್ಣಿನ ಧರೆಗೆ ಒರಗಿ ನಿಂತಿತು. ಮೂರು ಸಲ ಹೊಡೆದೆ, ಮೂರು ಸಲವೂ ಅದೇ. ಏಳು ತಿಂಗಳ ಕೆಲಸ ಇಲ್ಲಿಗೆ ಮುಗಿಯಿತು ಅನ್ನಿಸಿತು. ಆದರೂ ಇಳಿಯಲಿಲ್ಲ. ಬ್ರೇಕಿನ ಮೇಲೆ ಕಾಲೂರಿ ನಾಲ್ಕನೇ ಸಲಕ್ಕೆ ಗೇರು ಹಾಕಿದೆ.

"ಏ, ನಿಲ್ಸು!" ಎಂದು ಮಾವ ಕೂಗಿದರು. ಚಪ್ಪಲಿ ಮೇಲೇ ಬಿಟ್ಟು ಆ ಕೆಸರಿನಲ್ಲಿ ಇಳಿದು ಬಂದರು. ಗುಜರಿ ಎಂಬ ಮಾತು ಬಂದೇ ಬರುತ್ತದೆ ಎಂದು ನಾನು ಹಲ್ಲು ಕಚ್ಚಿ ಕೂತೆ. ಅವರು ಮುಂದಿನ ಚಕ್ರದ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತರು. ಚಕ್ರದ ನಡುವೆ ಕೈಯಲ್ಲಿ ತಿರುಗಿಸುವ ಒಂದು ಬಿಲ್ಲೆ ಇರುತ್ತದೆ. ಅದನ್ನು ತಿರುಗಿಸಿ ಲಾಕ್ ಮಾಡದಿದ್ದರೆ ಒಳಗೆ ಗೇರು ಎಷ್ಟು ಎಳೆದರೂ ಮುಂದಿನ ಚಕ್ರ ಎಳೆಯುವುದಿಲ್ಲ. ನಾನು ಅದನ್ನು ಬಿಚ್ಚಿ ಗ್ರೀಸು ತುಂಬಿದವಳು, ಅವಸರದಲ್ಲಿ ಮರೆತೇ ಬಿಟ್ಟಿದ್ದೆ. ಮಾವ ಒಂದು ಕಡೆಯದನ್ನು ತಿರುಗಿಸಿ, ಮುಂಭಾಗಕ್ಕೆ ಸುತ್ತು ಹಾಕಿ ಬಂದು ಇನ್ನೊಂದು ಕಡೆಯದನ್ನೂ ತಿರುಗಿಸಿದರು. ಧರೆಗೆ ಒರಗಿ ನಿಂತು, ನನ್ನ ಮುಖ ನೋಡದೆ, "ಈಗ ಹೊಡಿ" ಎಂದರು.

ಜೀಪು ಮುಂದಿನಿಂದ ಯಾರೋ ಎಳೆದ ಹಾಗೆ ನಿಧಾನಕ್ಕೆ, ನಿಲ್ಲದೆ ಹತ್ತಿತು. ಅಂಗಳದಲ್ಲಿ ನಿಲ್ಲಿಸಿ ಇಂಜಿನ್ ಆರಿಸಿದೆ. ಮಾವ ಏದುಸಿರು ಬಿಡುತ್ತ ಹಿಂದೆಯೇ ಬಂದು ಜಗಲಿಯಲ್ಲಿ ಕೂತರು. ಕೆಸರಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಫೋನ್ ತೆಗೆದರು.

"ನಾಳೆ ಬರೋದು ಬೇಡ ಮಾರಾಯ" ಎಂದರು. ಆ ಕಡೆಯಿಂದ ಗುಜರಿಯವನು ಏನೋ ಕೇಳಿದ.

"ಜೀಪಾ? ಇಲ್ಲೇ ಅಂಗಳದಲ್ಲೇ ಇದೆ. ಆದ್ರೆ ನಂದಲ್ಲ, ನಾನು ಕೊಡಕ್ಕೆ ಬರಲ್ಲ."