ನುಸಿ ಎಣಿಸುವ ಗದ್ದೆಮ್ಮ

ಮಸ್ಕಿ ಗುಡ್ಡದ ಸೀತಾಫಲಕ್ಕೆ ಯಾವ ದಿನ ಕೈ ಹಚ್ಚಬೇಕು ಎಂದು ಗುಡ್ಡದ ಬುಡದ ಹದಿನಾಲ್ಕು ಮನೆಯ ಹೆಂಗಸರು ಪಂಚಾಂಗದವರನ್ನು ಕೇಳುತ್ತಿರಲಿಲ್ಲ, ಗದ್ದೆಮ್ಮನನ್ನು ಕೇಳುತ್ತಿದ್ದರು. ನಿಜಾಮರ ಸರ್ಕಾರದ ಕಾಲ. ಕಾಯಿಯನ್ನು ಬುಟ್ಟಿಗೆ ತುಂಬಿ ಎತ್ತಿನ ಗಾಡಿಯ ಮೇಲೆ ಲಿಂಗಸುಗೂರಿನ ಸಂತೆಗೆ ಒಯ್ಯಬೇಕು. ಹಣ್ಣಾದದ್ದನ್ನು ಕಿತ್ತರೆ ದಾರಿಯಲ್ಲೇ ಹಿಚುಕಿ ಹೋಗುತ್ತದೆ. ಎಳೆಯದನ್ನು ಕಿತ್ತರೆ ಎಷ್ಟು ದಿನ ಮುಚ್ಚಿಟ್ಟರೂ ಹಣ್ಣಾಗದೆ ಕರಿಕಲ್ಲಾಗುತ್ತದೆ. ನಡುವೆ ಇರುವುದು ನಾಲ್ಕೈದು ದಿನ. ಆ ದಿನ ಹಿಡಿಯುವುದು ಗದ್ದೆಮ್ಮನ ಕೆಲಸ.

ಅವಳು ಅದನ್ನು ನುಸಿಯಿಂದ ಹಿಡಿಯುತ್ತಿದ್ದಳು. ಕೊಳೆತ ಹಣ್ಣಿಗೆ ಮುತ್ತುವ, ಎಳ್ಳುಕಾಳಿನಷ್ಟೂ ಇಲ್ಲದ, ಕೆಂಪು ಕಣ್ಣಿನ ನುಸಿ. ಮಣ್ಣಿನ ಕುಡಿಕೆಯಲ್ಲಿ ಎರಡು ಅತ್ತಿಹಣ್ಣು ಹಿಚುಕಿ ಹಳ್ಳದ ದಂಡೆಯ ಬಂಡೆಯ ನೆರಳಿಗೆ ಇಡುವಳು. ಮುಂಜಾನೆ ಬಿಸಿಲೇರುವ ಮೊದಲು ಹೋಗಿ, ಹಳೇ ಸೀರೆಯ ತೆಳು ಚೂರನ್ನು ಅದರ ಬಾಯಿಗೆ ಟಪ್ಪನೆ ಮುಚ್ಚಿ, ಒಳಗೆ ಸಿಕ್ಕವನ್ನು ಎಣಿಸುವಳು. ಬೇಸಿಗೆಯಲ್ಲಿ ಒಂದೂ ಇರುವುದಿಲ್ಲ. ಆಗ ಅವು ಗುಡ್ಡದ ಒಳಗೆ ಒರತೆಯ ಪಕ್ಕದ ಅತ್ತಿಮರದಲ್ಲಿ ಹೇಗೋ ಜೀವ ಹಿಡಿದಿರುತ್ತವೆ. ಕಾರಹುಣ್ಣಿಮೆಯ ಮಳೆಗೆ ಎರಡೋ ಮೂರೋ. ಶ್ರಾವಣದಲ್ಲಿ ಹತ್ತರ ಒಳಗೆ. ಮೇಲಿನ ಗಿಡಗಳಲ್ಲಿ ಮೊದಲ ಹಣ್ಣು ಒಡೆದು ಬಿದ್ದಾಗ ಒಮ್ಮೆಲೇ ನಲವತ್ತು ದಾಟುತ್ತವೆ. ಚಳಿ ಬಿದ್ದು ಬಾರಿಹಣ್ಣಿನ ಕಾಲ ಬಂದರೆ ಮತ್ತೆ ಇಳಿತ. ನಲವತ್ತು ದಾಟಿದ ದಿನ ಅವಳು ಗುಡ್ಡ ಏರುವಳು; ಮೇಲಿನ ಕಾಯಿ ಕಣ್ಣು ಬಿಟ್ಟು, ಕಣ್ಣುಗಳ ನಡುವಿನ ಗೆರೆ ಬಿಳಿಯಾದದ್ದನ್ನು ಬೆರಳಿನಿಂದ ಮುಟ್ಟಿ ನೋಡಿದ ಮೇಲೇ ಕೀಳಿರಿ ಎನ್ನುವಳು. ಗಂಡ ಸತ್ತ ವರ್ಷದಿಂದ ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು.

ಯುದ್ಧದ ಕಾಲದ ಒಂದು ವರ್ಷ ಎಂದಿಗಿಂತ ಮೊದಲು, ಜೋಕುಮಾರನ ಹುಣ್ಣಿಮೆಗೇ ಐವತ್ತಾರು ನುಸಿ ಸಿಕ್ಕವು. ಗದ್ದೆಮ್ಮ ಎರಡು ಸಲ ಎಣಿಸಿದಳು. ಗುಡ್ಡದ ಕಡೆ ನೋಡಿದಳು. ಅರ್ಧ ದಿನದ ಏರು. ಮೊಣಕಾಲು ಬಾತು ಕುಂಬಳಕಾಯಿಯಾಗಿದ್ದವು. ಇಷ್ಟು ವರ್ಷ ನುಸಿ ಸುಳ್ಳು ಹೇಳಿಲ್ಲ ಎಂದುಕೊಂಡು ಮನೆಗೆ ತಿರುಗಿದಳು.

"ಕೀಳ್ರಿ," ಎಂದಳು.

"ಇಷ್ಟ್ ಲಗೂನ ಏನಕ್ಕಾ?" ಎಂದಳು ಪಕ್ಕದ ಮನೆಯ ಮಾಬುಬೀ. "ಕಾಯಿ ಇನ್ನೂ ಹಸರ ಅದಾವಲ್ಲ."

"ಬುಡದಾಗಿನವು ಹಂಗ ಕಾಣ್ತಾವ ಬೇ. ಎರಡ್ ದಿನ ಮುಚ್ಚಿಡ್ರಿ, ಆಕ್ಕಾವ."

ಆಗಲಿಲ್ಲ. ಮೊದಲು ಕಿತ್ತ ಕೆಳಗಿನ ಅರ್ಧ ಗುಡ್ಡದ ಕಾಯಿ ಹದಿನಾಲ್ಕು ಮನೆಯಲ್ಲೂ ಕರ್ರಗಾಗಿ ಕುಳಿತವು. ಬಾಯಿಬಡುಕಿ ಪಕೀರಮ್ಮ ಒಂದು ಕಾಯಿ ತಂದು ಗದ್ದೆಮ್ಮನ ಮುಂದೆ ಇಟ್ಟಳು.

"ಯಕ್ಕಾ, ಇದನ್ನ ನನ್ನ ಗಂಡನ ತಲಿಗೆ ಹೊಡದ್ ನೋಡೀನಿ. ತಲಿ ಒಡದೈತಿ, ಕಾಯಿ ಒಡದಿಲ್ಲ. ಇನ್ ನಿನ್ನ ಕುಡಿಕಿ ನೀನ ಇಟಗೊ. ಮೇಲಿನ ಕಾಯಿ ನಾವ್ ನಮಗ ತಿಳದಾಗ ಕೀಳ್ತೀವಿ."

ಗದ್ದೆಮ್ಮನಿಗೆ ಬೈಗುಳ ನಾಟಲಿಲ್ಲ, ಕೊನೆಯ ಮಾತು ನಾಟಿತು. ಒಬ್ಬಳು ಕೈ ಹಚ್ಚಿದರೆ ಹದಿನಾಲ್ಕು ಮನೆಯೂ ನುಗ್ಗುತ್ತದೆ. ಉಳಿದ ಅರ್ಧ ಗುಡ್ಡವೂ ಕರಿಕಲ್ಲೇ.

ಕುಡಿಕೆಗೆ ಮುಚ್ಚಿದ್ದ ಬಟ್ಟೆಯನ್ನು ಒಗೆಯಲು ಹಳ್ಳಕ್ಕೆ ಒಯ್ದಾಗ ಗಾಳಿಯಲ್ಲಿ ಹುಳಿ ವಾಸನೆ ಬಂತು. ಅತ್ತಿಹಣ್ಣಿನದಲ್ಲ. ಅದನ್ನು ಮೂಸುತ್ತ ಹಳ್ಳದ ಗುಂಟ ನಡೆದಳು. ತಿರುವಿನ ಹಿಂದೆ, ಶ್ರಾವಣದಲ್ಲಿ ಹೊಸದಾಗಿ ಹಾಕಿದ, ಈಚಲ ಹೆಂಡದ ಸೇಂದಿ ಅಂಗಡಿ. ಮಾರುವ ಹೊನ್ನೂರಪ್ಪ ಗಡಿಗೆಯ ತಳದ ಗಸಿಯನ್ನು ಹಳ್ಳಕ್ಕೆ ಸುರಿಯುತ್ತಿದ್ದ. ಅದರ ಮೇಲೆ ಹೊಗೆಯಂತೆ ನುಸಿ.

"ಕುಡಿತೀಯೇನ ಯಮ್ಮಾ?" ಎಂದ.

"ನಾ ಒಲ್ಲೆಪ್ಪಾ. ನನ್ನ ಪಾಲಿಂದು ನುಸಿ ಕುಡದಾವ."

ವಿಷಯ ತಿಳಿದ ಪಕೀರಮ್ಮ ಸೆರಗು ಕಟ್ಟಿದಳು. "ನಡೀರಿ, ಅವನ ಗಡಿಗಿ ಒಡದ್ ಬರಾಣು!"

"ಅಂವ ಏನ್ ಮಾಡ್ಯಾನಬೇ?" ಎಂದಳು ಗದ್ದೆಮ್ಮ. "ನುಸಿಯೂ ಸುಳ್ಳ ಹೇಳಿಲ್ಲ. ಬಂದೀವಿ ಅಂದ್ವು, ಕಾಯಿ ಬಲತಾವ ಅನ್ನಲಿಲ್ಲ. ಏರಿ ನೋಡಾಕಿ ನಾನು. ಏರಲಿಲ್ಲ. ಮೇಲಿನವಕ್ಕ ನಾಳಿ ತನಕ ಕೈ ಹಚ್ಚಬ್ಯಾಡ್ರಿ."

ಮರುದಿನ ನಸುಕಿನಲ್ಲೇ ಏರಿದಳು. ಜೊತೆಗೆ ಮಾಬುಬೀ. ಹತ್ತು ಹೆಜ್ಜೆಗೊಮ್ಮೆ ಕುಳಿತು, ಕಡಿದಾದ ಕಡೆ ಕೈ ಊರಿ, ಕೊನೆಗೆ ಒರತೆಯ ಅತ್ತಿಮರ ಮುಟ್ಟಿದಳು. ಸೇಂದಿಯ ಗಾಳಿ ಅಲ್ಲಿಗೆ ಮುಟ್ಟದು. ನೆರಳಿಗೆ ಕುಡಿಕೆ ಇಟ್ಟು ಎರಡು ತಾಸು ಕಾದಳು. ಬಟ್ಟೆ ಮುಚ್ಚಿ ಎಣಿಸಿದಳು. ಕಣ್ಣು ಮಂಜಾಗಿ, ಮಾಬುಬೀಗೂ ಎಣಿಸಲು ಹೇಳಿದಳು. ಇಬ್ಬರದೂ ಒಂದೇ ಬಂತು. ಪಕ್ಕದ ಕಾಯಿಯ ಕಣ್ಣುಗಳ ನಡುವೆ ಹೆಬ್ಬೆರಳು ಆಡಿಸಿದಳು. ಗೆರೆ ಇನ್ನೂ ಬಿಳಿಯಾಗಿರಲಿಲ್ಲ.

ಇಳಿದಾಗ ಹೊತ್ತು ವಾಲಿತ್ತು. ಪಕೀರಮ್ಮ ಬಾಗಿಲಲ್ಲೇ ಬುಟ್ಟಿ ಹಿಡಿದು ನಿಂತಿದ್ದಳು.

"ಏರಿದ್ದಿ?"

"ಏರಿದ್ದೆ."

"ಎಷ್ಟ ಅದಾವ?"

"ಹತ್ತೊಂಬತ್ತು. ಇನ್ನ ಆರ್ ದಿನ."

ಪಕೀರಮ್ಮ ಅವಳ ಮೊಣಕಾಲು ನೋಡಿದಳು. ಬುಟ್ಟಿಯನ್ನು ಬಾಗಿಲ ಬಳಿ ಬೋರಲು ಹಾಕಿ ಒಳಗೆ ಹೋದಳು. ಆರು ದಿನ ಹದಿನಾಲ್ಕು ಬಾಗಿಲಲ್ಲೂ ಬುಟ್ಟಿಗಳು ಬೋರಲು ಬಿದ್ದಿದ್ದವು.

ಏಳನೆಯ ದಿನ ಅವರೆಲ್ಲ ಗುಡ್ಡ ಏರುವಾಗ ಗದ್ದೆಮ್ಮ ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತಿದ್ದಳು. ಮೇಲೆ ಎಣಿಸಿ ನೋಡಲು ಕುಡಿಕೆ ಮಾಬುಬೀಯ ಬುಟ್ಟಿಯಲ್ಲಿತ್ತು.