ಮೆಟ್ಟಿಲು ಯಾರ ಪಾಲಿಗೆ

ತಾತನ ಹನ್ನೊಂದನೆಯ ದಿನದ ಊಟ ಮುಗಿದು, ಎಲೆ ಎತ್ತಿದ ಮೇಲೆ ಪೀಣ್ಯದ ಮನೆಯ ಹಾಲಿನಲ್ಲಿ ಉಳಿದವರು ನಾಲ್ವರೇ: ದೊಡ್ಡಪ್ಪ, ನಮ್ಮಪ್ಪ, ಅತ್ತೆ, ಗೋಡೆಗೊರಗಿ ಎಲೆಯಡಿಕೆ ಮಡಿಸುತ್ತಿದ್ದ ನಾನು. ಬೀದಿಯಾಚೆ ಲೇತ್ ಮಷೀನು ಎಂದಿನಂತೆ ಕಿರ್ರೆನ್ನುತ್ತಿತ್ತು.

ತಾತ ಬದುಕಿದ್ದಾಗ ಪ್ರತಿ ಹಬ್ಬದಲ್ಲೂ ಪಾಲು ಹೇಳುತ್ತಿದ್ದ. ಮುಂದಿನ ಮನೆ ದೊಡ್ಡವನಿಗೆ, ಹಿಂದಿನ ಬಾಡಿಗೆ ಸಾಲುಮನೆಗಳು ಚಿಕ್ಕವನಿಗೆ, ಮುಂದಿನ ಮನೆಯ ತಾರಸಿ ಮೇಲಿನ ರೂಮು ಮಗಳಿಗೆ. ಗಂಡ ಬಿಟ್ಟುಹೋದ ಮೇಲೆ ಅತ್ತೆ ಗಾರ್ಮೆಂಟ್ಸಿಗೆ ಹೋಗಿಬರುತ್ತಾ ಆ ರೂಮಿನಲ್ಲೇ ಇದ್ದಳು. ಇದನ್ನೆಲ್ಲ ಕಾಗದದಲ್ಲಿ ಬರೆದಿಡು ಅಂದರೆ ಮಾತ್ರ ತಾತ ಗುರ್ರೆನ್ನುತ್ತಿದ್ದ. "ಉಯಿಲು ಬರೆಯೋದು ಅಂದ್ರೆ ಯಮನಿಗೆ ಬಾಗಿಲು ತೆಗೆದಂಗೆ ಕಣ್ಲಾ. ನನ್ ಮಾತು ಸಾಲ್ದಾ?"

ಮಾತು ಸಾಲಲಿಲ್ಲ. ತಾರಸಿಗೆ ಹತ್ತುವ ಮೆಟ್ಟಿಲು ಇದ್ದದ್ದು ದೊಡ್ಡಪ್ಪನ ಅಂಗಳದಲ್ಲಿ. ಅದು ಯಾರ ಪಾಲಿಗೆ ಅಂತ ತಾತ ಒಂದು ಹಬ್ಬದಲ್ಲೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ದೊಡ್ಡಪ್ಪ ಒಳಗಿಂದ ಒಂದು ತಟ್ಟೆ ತಂದು ಅತ್ತೆಯ ಮುಂದಿಟ್ಟ. ಸೀರೆ, ಬಳೆ, ಅರಿಶಿನ ಕುಂಕುಮ. ಸೀರೆಯ ಮಡಿಕೆಯ ಕೆಳಗಿಂದ ಛಾಪಾ ಕಾಗದ ಇಣುಕುತ್ತಿತ್ತು. ನಮ್ಮ ಕಡೆ ಹೆಣ್ಣುಮಕ್ಕಳ ಹಕ್ಕು ಬಿಡಿಸಿಕೊಳ್ಳುವುದು ಹೀಗೇ, ಮಡಿಲು ತುಂಬಿ.

"ಸೈನ್ ಹಾಕಮ್ಮಿ. ಮೇಲೆ ಇನ್ನೆರಡು ಫ್ಲೋರ್ ಎತ್ತಬೇಕು. ನಿಂಗೆ ಊರಾಚೆ ಚಂದಾಪುರದಾಗೆ ಬಾಡಿಗೆ ಮನೆ ನೋಡಿವ್ನಿ."

"ಅಪ್ಪ ಕೊಟ್ಟಿದ್ದು ರೂಮು ಕಣಣ್ಣ, ಸೀರೆ ಅಲ್ಲ."

"ಅಪ್ಪ ಎಲ್ಲಿ ಬರೆದವ್ನೆ, ತೋರ್ಸು!"

ಅತ್ತೆ ತಟ್ಟೆ ಎತ್ತಿ ಅವನ ಮುಖಕ್ಕೇ ಬೀಸಿದಳು. ಹುಬ್ಬು ಒಡೆಯಿತು. ಕುಂಕುಮ ಯಾವುದು, ರಕ್ತ ಯಾವುದು ತಿಳಿಯಲಿಲ್ಲ. ದೊಡ್ಡಪ್ಪ ಅವಳ ಜುಟ್ಟು ಹಿಡಿದು ಹೊಸಿಲ ತನಕ ದರದರನೆ ಎಳೆದ. ನಮ್ಮಪ್ಪ ಅವನ ಕತ್ತಿಗೆ ಕೈ ಹಾಕಿ ಗೋಡೆಗೆ ಒತ್ತಿದ. ನಾನು, ಬೆಳೆದ ಗಂಡಸು, ಮಡಿಸಿದ ವೀಳ್ಯ ಕೈಯಲ್ಲಿ ಹಿಡಿದೇ ನಿಂತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಧಡ್ ಧಡ್ ಸದ್ದು ಕೇಳಿ ಹಿಂದಿನ ಸಾಲುಮನೆಯಿಂದ ಓಡಿ ಬಂದೆವು. ದೊಡ್ಡಪ್ಪ ಮೆಟ್ಟಿಲ ಕೆಳಗೆ ನಿಂತು ಸಮ್ಮಟಿಗೆಯಲ್ಲಿ ಕಾಂಕ್ರೀಟು ಒಡೆಯುತ್ತಿದ್ದ. ಯಾವ ಗಾರೆಯವನೂ ಆ ಕೆಲಸಕ್ಕೆ ಒಪ್ಪಿರಲಿಲ್ಲವಂತೆ. ಅತ್ತೆ ಒಗೆದ ಬಟ್ಟೆ ಹರವುತ್ತಾ ತಾರಸಿಯ ಮೇಲಿದ್ದಳು.

"ಮೇಲೆ ಹೆಣ್ಣೆಂಗ್ಸು ಅವ್ಳೆ ಕಣೋ!" ಅಂತ ನಮ್ಮಪ್ಪ ಕೂಗಿದ.

"ಇರ್ಲಿ ಬಿಡು. ರೂಮು ತಾನೆ ಬೇಕಾಗಿದ್ದು? ಅಲ್ಲೇ ಇರ್ಲಿ!"

ನಮ್ಮಪ್ಪ ಅಲ್ಲೇ ಬಿದ್ದಿದ್ದ ಕಬ್ಬಿಣದ ರಾಡು ತೆಗೆದು ಅಣ್ಣನ ಬೆನ್ನಿಗೆ ಬಾರಿಸಿದ. ಒಂದಲ್ಲ, ಮೂರು ಸಲ. ದೊಡ್ಡಪ್ಪ ತಿರುಗಿ ಸಮ್ಮಟಿಗೆ ಬೀಸಿದ. ನಮ್ಮಪ್ಪನ ಹೆಗಲ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು, ಒಣಗಿದ ಸೌದೆ ಮುರಿದ ಹಾಗೆ. ಈ ಸಲ ನಾನು ನಿಲ್ಲಲಿಲ್ಲ. ದೊಡ್ಡಪ್ಪನ ಮೇಲೆ ಬಿದ್ದು ತೋಳಿಗೆ ಬಾಯಿ ಹಾಕಿದೆ. ಅವನು ಮೊಣಕೈಯಲ್ಲಿ ಗುದ್ದಿದ ಏಟಿಗೆ ನನ್ನ ಹಲ್ಲೊಂದು ಹೋಯಿತು. ನನ್ನನ್ನು ಕೊಡವಿ ಮತ್ತೆ ಮೆಟ್ಟಿಲ ಕಡೆ ತಿರುಗಿ, ಇನ್ನೊಂದೇ ಒಂದು ಏಟು ಕೊಟ್ಟ.

ಅರ್ಧ ಮೆಟ್ಟಿಲು ಅವನ ಬಲಗಾಲಿನ ಮೇಲೆ ಕುಸಿಯಿತು.

ಆ ಕೂಗಿಗೆ ಲೇತಿನ ಶೆಡ್ಡಿನವರೆಲ್ಲ ಓಡಿ ಬಂದರು. ಮೇಲಿನಿಂದ ಒದ್ದೆ ಸೀರೆಯೊಂದು ನನ್ನ ತಲೆಯ ಮೇಲೆ ಬಂದು ಬಿತ್ತು. ಕೆಳಗಿಳಿಯಲು ದಾರಿಯಿಲ್ಲದ ಅತ್ತೆ ತಾರಸಿಯ ಅಂಚಿನಿಂದ ಬಗ್ಗಿ ಕಿರುಚುತ್ತಿದ್ದಳು: "ತೊಡೆ ಬಿಗಿದು ಕಟ್ಲಾ, ರಕ್ತ ಓಯ್ತಾ ಐತೆ! ಬದುಕ್ಲಿ ಮುಂಡೇಮಗ! ನನ್ ಪಾಲು ಬರ್ಕೊಡೋಕಾದ್ರೂ ಬದುಕ್ಲಿ!"

ಕಟ್ಟಿದೆ. ಬದುಕಿದ. ಕಾಲು ಮಂಡಿಯ ಕೆಳಗೆ ಉಳಿಯಲಿಲ್ಲ. ಅತ್ತೆಯನ್ನು ಲೇತಿನವರು ಏಣಿ ಹಾಕಿ ಇಳಿಸಿದರು.

ಸ್ಟೇಷನ್ನಿನಲ್ಲಿ ಎರಡೂ ಕಡೆಯಿಂದ ಕೇಸಾಯಿತು. ಒಂದೇ ಆಸ್ಪತ್ರೆಯ ಎದುರುಬದುರು ಮಂಚದಲ್ಲಿ ಅಣ್ಣತಮ್ಮ ಒಬ್ಬರನ್ನೊಬ್ಬರು ನೋಡದೆ ಮಲಗಿದ್ದರು. ಕೊನೆಗೆ ದೊಡ್ಡಪ್ಪನೇ ಹೇಳಿ ಕಳಿಸಿದ: ಕೇಸು ರಾಜಿಯಾದರೆ ವಿಭಾಗ ಪತ್ರಕ್ಕೆ ಸಹಿ ಹಾಕುತ್ತೇನೆ, ರೂಮು ಅವಳಿಗೆ, ಮೆಟ್ಟಿಲ ಜಾಗವೂ ಅವಳಿಗೆ.

ನಾಲ್ಕು ತಿಂಗಳಾದ ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆವು. ಆಫೀಸು ಇದ್ದದ್ದು ಎರಡನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿತ್ತು. ದೊಡ್ಡಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಒಂದು ಕಡೆ ನಾನು, ಇನ್ನೊಂದು ಕಡೆ ಹೆಗಲು ಕೂಡಿಕೊಂಡಿದ್ದ ನಮ್ಮಪ್ಪ ಹಿಡಿದು ಮೆಟ್ಟಿಲು ಹತ್ತಿದೆವು. ಅತ್ತೆ ಕಾಗದದ ಫೈಲು ಕಂಕುಳಲ್ಲಿಟ್ಟುಕೊಂಡು ಮುಂದೆ ನಡೆದಳು.