ಎಂಜಲೆಲೆಯ ಚರೆ

೧೯೮೧ರಲ್ಲಿ ನಾನು ದೇವದುರ್ಗದ ಪಶು ಆಸ್ಪತ್ರೆಯಲ್ಲಿ ಸಹಾಯಕ ಪಶುವೈದ್ಯಾಧಿಕಾರಿಯಾಗಿದ್ದೆ. ಜನ ಅದನ್ನು ‘ದನದ ದವಾಖಾನಿ’ ಎನ್ನುತ್ತಿದ್ದರು. ಗಬ್ಬೂರು, ಜಾಲಹಳ್ಳಿ ಕಡೆಯಿಂದ ಎತ್ತು ಹೊಡೆದುಕೊಂಡು ಬಂದವರು ಮೊದಮೊದಲು ಬಾಗಿಲಲ್ಲಿ ನಿಂತು, “ಡಾಕ್ಟ್ರು ಎಲ್ಲದಾರ್ರೀ ಯವ್ವಾ?” ಎಂದು ನನ್ನನ್ನೇ ಕೇಳುತ್ತಿದ್ದರು. ನಾನೇ ಎಂದರೆ ಎತ್ತಿನ ಮುಖ ನೋಡಿ, ನನ್ನ ಮುಖ ನೋಡಿ, ಹಗ್ಗ ಬಿಡದೆ ನಿಲ್ಲುತ್ತಿದ್ದರು. ಆರು ತಿಂಗಳಲ್ಲಿ ಅದು ನಿಂತಿತು. ಈದ ಎಮ್ಮೆಗೆ ಮಾಸು ಬೀಳದಿದ್ದಾಗ ತೋಳುದ್ದ ಕೈ ಹಾಕಿ ತೆಗೆಯುವವಳು ಹೆಣ್ಣೋ ಗಂಡೋ ಎಂದು ಯೋಚಿಸುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ದನಕರುಗಳ ಕೆಲಸದ ಜೊತೆಗೆ ಅಪರೂಪಕ್ಕೆ ಇನ್ನೊಂದು ಕೆಲಸ ಬರುತ್ತಿತ್ತು. ಅರಣ್ಯದಲ್ಲಿ ಪ್ರಾಣಿ ಅಸಹಜವಾಗಿ ಸತ್ತರೆ ಮರಣೋತ್ತರ ಪರೀಕ್ಷೆ ಮಾಡಿ ಸಾವಿನ ಕಾರಣ ಬರೆದುಕೊಡುವುದು. ತಾಲ್ಲೂಕಿನಲ್ಲಿ ಚಿಗರಿಗಳಿಗಾಗಿ, ಎಂದರೆ ಕೃಷ್ಣಮೃಗಗಳಿಗಾಗಿ, ತಂತಿ ಬೇಲಿ ಹಾಕಿ ಕಾಯ್ದಿರಿಸಿದ ಕುರುಚಲು ಕಾಡೊಂದಿತ್ತು. ನೋಡಿದವರು ಅದನ್ನು ಕಾಡು ಎಂದು ಒಪ್ಪುತ್ತಿರಲಿಲ್ಲ. ಹುಲ್ಲು, ಜಾಲಿ, ಬಾರಿಗಿಡ, ನಡುವೆ ದೊಡ್ಡ ಬಂಡೆಗಳು. ಆದರೆ ಎರೆಹೊಲಗಳೆಲ್ಲ ಉಳುಮೆಗೆ ಹೋದ ಮೇಲೆ ಚಿಗರಿಗಳಿಗೆ ಉಳಿದದ್ದು ಅಷ್ಟೇ ಜಾಗ.

ಆ ವರ್ಷ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ರೇಂಜರ್ ಜೀಪು ಕಳಿಸಿದರು. ನಸುಕಿನಲ್ಲಿ ಬೇಲಿಯೊಳಗೆ ಬಂದೂಕಿನ ಸದ್ದು ಕೇಳಿತೆಂದು ಕುರಿಗಾರರು ಬಂದು ಹೇಳಿದ್ದರಂತೆ. ನಾನು ಹೋಗುವ ಹೊತ್ತಿಗೆ ಬಿಸಿಲು ಏರಿತ್ತು.

ಬೇಲಿಯ ತಂತಿಯನ್ನು ಕಾರು ಹೋಗುವಷ್ಟು ಅಗಲ ಕತ್ತರಿಸಿದ್ದರು. ದೊಡ್ಡ ಬಂಡೆಯ ನೆರಳಲ್ಲಿ ಜಮಖಾನೆ ಹಾಸಿತ್ತು. ಬಂಡೆಯ ಮೇಲೆ ಹಸಿರು ಬಣ್ಣದಲ್ಲಿ ಹೆಸರುಗಳನ್ನು ಬರೆದಿದ್ದರು, ಬಣ್ಣ ಇನ್ನೂ ಆರಿರಲಿಲ್ಲ. ಗುರಿ ಇಟ್ಟು ಒಡೆದ ಬಾಟಲಿಗಳ ಚೂರು ಹುಲ್ಲಿನ ತುಂಬ. ಒಲೆಗಾಗಿ ಹಸಿ ಜಾಲಿ ಕಡಿದು, ಉರಿಯದ್ದಕ್ಕೆ ಅದರ ಮೇಲೆ ಪೆಟ್ರೋಲ್ ಸುರಿದಿದ್ದರು. ಸುತ್ತ ಒಂದು ಗುಂಟೆಯಷ್ಟು ಹುಲ್ಲು ಸುಟ್ಟು ಕರ್ರಗಾಗಿತ್ತು. ಒಲೆಯ ಮೇಲೆ ಗುಂಡಿ, ಎಂದರೆ ಮಾಂಸದ ಅಡುಗೆಯ ದೊಡ್ಡ ಪಾತ್ರೆ, ಇನ್ನೂ ಇತ್ತು.

ಜಮಖಾನೆಯ ಮೇಲೆ ಮೂವರು ಕುಳಿತಿದ್ದರು. ಒಬ್ಬ ಮಾನ್ವಿಯ ಅಕ್ಕಿ ಗಿರಣಿ ಮಾಲೀಕರ ಮಗ, ಇನ್ನೊಬ್ಬ ರಾಯಚೂರಿನ ಗುತ್ತಿಗೆದಾರ, ಮೂರನೆಯವನು ಕಾಲುವೆ ಕೆಲಸದ ಎಂಜಿನಿಯರ್. ಹೆಸರು ಬರೆಯುವುದಿಲ್ಲ. ಸ್ವಲ್ಪ ದೂರದಲ್ಲಿ, ಬಿಸಿಲಲ್ಲೇ, ಮದುವೆಮನೆಗಳಲ್ಲಿ ಅಡುಗೆ ಮಾಡುವ ರಾಯಚೂರಿನ ಖಾಜಾಸಾಬ ಕುಕ್ಕರಗಾಲಲ್ಲಿ ಕುಳಿತಿದ್ದ. ಅವನ ಪಕ್ಕದಲ್ಲಿ ಗಾರ್ಡ್ ನಿಂತಿದ್ದ. ಹಿಡಿಸಿಕೊಂಡವನು ಆ ಅಡುಗೆಯವನೊಬ್ಬನೇ.

ನನ್ನನ್ನು ಕಂಡು ಗಿರಣಿಯವರ ಮಗ ಎದ್ದು ನಿಂತ. “ಬರ್ರಿ ಡಾಕ್ಟ್ರಮ್ಮ, ಬಿಸಿಲಾಗ ಬಂದೀರಿ. ಗುಂಡ್ಯಾಗ ಇನ್ನ ಉಳದದ, ನಾಷ್ಟಾ ಮಾಡ್ರಿ ಮೊದಲ.”

ಅವನು ತಮಾಷೆ ಮಾಡುತ್ತಿರಲಿಲ್ಲ, ಉಪಚರಿಸುತ್ತಿದ್ದ.

ರೇಂಜರ್ ನನಗೆ ಸಂಗತಿ ಹೇಳಿದರು. ಪೊದೆಯಲ್ಲಿ ಹೆಣ್ಣು ಚಿಗರಿಯ ತಲೆ ಮತ್ತು ಕರುಳು ಸಿಕ್ಕಿದ್ದವು. ಬಂದೂಕು ಇಲ್ಲ, ತೊಗಲೂ ಇಲ್ಲ. ಎರಡನ್ನೂ ಮುಂಜಾನೆಯೇ ಇನ್ನೊಂದು ಕಾರಿನಲ್ಲಿ ಸಾಗಿಸಿದ್ದರು. ಮೂವರ ಹೇಳಿಕೆ ಒಂದೇ ಆಗಿತ್ತು. ಮಾಂಸ ತಂದವನು ಅಡುಗೆಯವನು, ಕುರಿ ಎಂದು ಹೇಳಿ ಬಡಿಸಿದ, ತಾವು ನಂಬಿ ತಿಂದೆವು.

“ಯಾವನೋ ಶಿಕಾರಿ ಕಡಿಂದ ಅಗ್ಗದಾಗ ತಂದಾನ್ರೀ ಇಂವ. ನಮ್ಮ ಬಾಯಿಗೂ ಮಣ್ಣು, ಹೆಸರಿಗೂ ಮಣ್ಣು,” ಎಂದ ಗುತ್ತಿಗೆದಾರ.

ರೇಂಜರ್ ಖಾಜಾಸಾಬನ ಕಡೆ ತಿರುಗಿ, “ಖರೇ ಏನೋ?” ಎಂದರು.

ಅವನು ನೆಲ ನೋಡುತ್ತ, “ಸಾಹೇಬ್ರು ಹೇಳಿದ್ದೇ ಖರೇರೀ,” ಎಂದ. ಅಷ್ಟೇ. ಆ ಮೂವರು ಮತ್ತು ಅವರ ಬೀಗರು ನೆಂಟರ ಮದುವೆಗಳಿಂದಲೇ ಅವನ ವರ್ಷ ನಡೆಯುತ್ತಿತ್ತು. ವನ್ಯಜೀವಿ ಕಾನೂನಿನಲ್ಲಿ ಇಂಥ ಬೇಟೆಗೆ ಜೈಲು ಶಿಕ್ಷೆ ಇದೆ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು, ಅವನಿಗೂ.

ನಾನು ಪೊದೆಯ ಹತ್ತಿರ ಕೆಲಸ ಶುರು ಮಾಡಿದೆ. ನಾಯಿಗಳು ಕರುಳನ್ನು ಆಗಲೇ ಎಳೆದಾಡಿದ್ದವು. ಗರ್ಭಚೀಲ ಒಡೆದಿತ್ತು. ಒಳಗಿನ ಮರಿ ಬೆಳೆದು ಮುಗಿದಿತ್ತು. ಗೊರಸು ಮೂಡಿತ್ತು, ರೋಮ ಬಂದಿತ್ತು, ಇನ್ನು ಕೆಲವೇ ದಿನ. ತಲೆಯ ಮೇಲೆ ಗಾಯವಿರಲಿಲ್ಲ. ಗುಂಡು ತಗುಲಿದ್ದರೆ ಅದು ತೊಡೆಗೋ ಪಕ್ಕೆಗೋ ತಗುಲಿರಬೇಕು, ಮತ್ತು ಆ ಭಾಗವೆಲ್ಲ ಗುಂಡಿಯಲ್ಲಿ ಬೆಂದು ಹೊಟ್ಟೆ ಸೇರಿತ್ತು. ಉಳಿದಿದ್ದ ಅಡುಗೆಯನ್ನು ಸೌಟಿನಿಂದ ಜಾಲಾಡಿದೆ. ಎಲುಬು, ಮಸಾಲೆ, ಬೇರೇನೂ ಇಲ್ಲ. ‘ಸಾವಿನ ಕಾರಣ ನಿರ್ಧರಿಸಲಾಗದು’ ಎಂದು ಬರೆಯುವುದೊಂದೇ ಉಳಿದಿತ್ತು. ಹಾಗೆ ಬರೆದರೆ ಜೀಪಿನಲ್ಲಿ ಖಾಜಾಸಾಬ ಹೋಗುತ್ತಿದ್ದ, ಕಾರಿನಲ್ಲಿ ಮೂವರು ಹೋಗುತ್ತಿದ್ದರು.

ಕೈ ತೊಳೆಯಲು ನೀರು ಕೇಳಿದಾಗ ಎಂಜಿನಿಯರ್ ಕೊಡ ಬಗ್ಗಿಸಿದ. ಆತನ ಎಡಗೈ ಕೆನ್ನೆಯ ಮೇಲಿತ್ತು.

“ಹಲ್ಲು ನೋವೇನ್ರಿ?” ಎಂದೆ.

“ಮುರದದರೀ. ಎಲುಬು ಕಡದೆ,” ಎಂದ.

“ಎಲುಬಂತ, ಎಲುಬು! ಎಮ್ಮಿ ಎಲುಬು ಕಡದ್ರೂ ಮುರಿಯೂ ಹಲ್ಲಲ್ಲ ಇಂವಂದು,” ಎಂದು ಗಿರಣಿಯವರ ಮಗ ನಕ್ಕ. ಗುತ್ತಿಗೆದಾರ ನಗಲಿಲ್ಲ. ನಕ್ಕವನ ಮೊಣಕಾಲನ್ನು ಮೆಲ್ಲಗೆ ಒತ್ತಿದ.

ಆಗ ನಾನು ಕೇಳಿದೆ: “ಉಂಡ ಎಲಿ ಎಲ್ಲಿ ಒಗದೀರಿ?”

ಬಂಡೆಯ ಹಿಂದೆ ಮುತ್ತುಗದ ಎಲೆಯ ಮೂರು ಪತ್ರಾವಳಿಗಳು ಮಡಿಸಿ ಬಿದ್ದಿದ್ದವು. ಗಾರ್ಡ್‌ಗೆ ಅವನ್ನು ತೆಗೆದು ನೆರಳಿಗೆ ತರಲು ಹೇಳಿದೆ.

ಅವನು ಎರಡು ಹೆಜ್ಜೆ ಹಿಂದೆ ಸರಿದ. “ಯವ್ವಾ, ಬ್ಯಾರೆಯವರ ಎಂಜಲಾ. ನಾ ಮುಟ್ಟಂಗಿಲ್ಲ, ನೌಕರಿ ಹೋದ್ರೂ ಹೋಗ್ಲಿ.”

ರೇಂಜರ್ ಕೂಡ ಮುಖ ತಿರುಗಿಸಿದರು. ಬಂದೂಕು ಸಾಗಿಸಿ, ತೊಗಲು ಸಾಗಿಸಿ, ಇಷ್ಟೆಲ್ಲ ಜಾಗರೂಕತೆ ವಹಿಸಿದವರು ಎಲೆಗಳನ್ನು ಏಕೆ ಸುಡಲಿಲ್ಲ ಎಂಬುದು ಆಗ ಅರ್ಥವಾಯಿತು. ಸುಡುವುದು ಅವರ ತಲೆಗೇ ಬಂದಿರಲಿಲ್ಲ. ನಮ್ಮ ಕಡೆ ಎಂಜಲಿಗಿಂತ ದೊಡ್ಡ ಬೀಗವಿಲ್ಲ.

ನಾನು ಅಲ್ಲೇ ಕುಳಿತು ಒಂದೊಂದೇ ಎಲೆ ಬಿಡಿಸಿದೆ. ಜಗಿದ ಎಲುಬು, ಉಗುಳಿದ ನರ, ಮೆಣಸಿನಕಾಯಿ ತೊಟ್ಟು, ನೊಣ. ಬೆನ್ನ ಹಿಂದೆ ಗಿರಣಿಯವರ ಮಗನ ದನಿ ಕೇಳಿಸಿತು: “ನೋಡ್ರಲೇ, ಡಾಕ್ಟರಕಿ ಓದಿ ಬಂದ ಹುಡುಗಿ ಎಂಜಲಾ ಆರಸಾಕತ್ತಾಳ!”

ಮೊದಲ ಎಲೆಯ ಅಂಚಿನಲ್ಲಿ ಎರಡು ಚರೆಗಳಿದ್ದವು. ಚರೆ ಎಂದರೆ ಬೇಟೆಯ ತೋಟೆಯಲ್ಲಿ ತುಂಬುವ ಸೀಸದ ಗುಂಡು. ಇವು ಕಡಲೆಕಾಳಿನಷ್ಟು ದಪ್ಪ. ಸೀತಾಫಲ ತಿಂದವರು ಬೀಜ ಇಡುವಂತೆ ಅವನ್ನು ಒಂದರ ಪಕ್ಕ ಒಂದು ಇಟ್ಟಿದ್ದರು. ಮತ್ತೊಂದು ಎಲೆಯಲ್ಲಿ ಒಂದು ಚರೆ, ಅದರ ಜೊತೆಗೆ ಹಲ್ಲಿನ ಚೂರು. ಕೊನೆಯ ಎಲೆಯಲ್ಲಿ ಇನ್ನೆರಡು. ಒಂದೊಂದನ್ನೂ ಸ್ಟೀಲ್ ಬಟ್ಟಲಿಗೆ ಹಾಕಿದೆ. ಸದ್ದು ಎಲ್ಲರಿಗೂ ಕೇಳಿಸಿತು.

ಬಟ್ಟಲನ್ನು ಮೂವರ ಮುಂದೆ ಹಿಡಿದು ಹೇಳಿದೆ: “ಕುರಿ ಅಂತ ತಿಂದೀರಿ. ಬಾಯಾಗ ಸೀಸ ಬಂದದ, ಮೂರೂ ಮಂದಿಗೆ ಬಂದದ. ಒಬ್ಬರರೆ ಅಡಿಗಿಯವನ್ನ ಕರದು, ಇದೇನಲೇ ಅಂತ ಕೇಳಲಿಲ್ಲೇನ್ರಿ?”

ಗುತ್ತಿಗೆದಾರ ಬಟ್ಟಲು ನೋಡಿದ, ಖಾಜಾಸಾಬನನ್ನು ನೋಡಿದ. ಖಾಜಾಸಾಬ ಮೊದಲ ಸಲ ತಲೆ ಎತ್ತಿದ.

“ನಸುಕಿನ್ಯಾಗ ಹೊಡದು ತಂದು ಮುಂದ ಒಗದ್ರು ಅಮ್ಮಾ,” ಎಂದ. “ಹೊಟ್ಟ್ಯಾಗ ಮರಿ ಅದ, ನಕ್ಕೋ ಸಾಬ್, ಬ್ಯಾಡ ಅಂದೆ. ನಿನ್ನ ಕೆಲಸ ಒಲಿ ಮುಂದ, ಮುಚ್ಚಲೇ ಬಾಯಿ ಅಂದ್ರು.”

ಸಂಜೆ ಜೀಪಿನಲ್ಲಿ ಹೋದವರು ಮೂವರು.

ಆಮೇಲೆ ನಡೆದದ್ದು ಇನ್ನೂ ಹೊಲಸು. ನನ್ನ ಮೇಲಧಿಕಾರಿಯೊಬ್ಬರು ರಾಯಚೂರಿಗೆ ಕರೆಸಿ, ಕುರ್ಚಿ ಕೊಟ್ಟು, ಚಹಾ ತರಿಸಿ, ತಂದೆಯಂತೆ ಮಾತನಾಡಿದರು. “ಮದುವಿ ಆಗೂ ಹುಡುಗಿ ನೀನು. ಗಂಡಸರ ಎಂಜಲಾ ಮುಟ್ಟಿದ್ದು ಸರ್ಕಾರಿ ಕಾಗದದಾಗ ಯಾಕ? ಆ ಒಂದು ಸಾಲು ತಗದುಬಿಡು.” ನಾನು ಚಹಾ ಕುಡಿಯದೆ ಎದ್ದು ಬಂದೆ. ಸಾಲು ಉಳಿಯಿತು.

ವಿಚಾರಣೆಯಲ್ಲಿ ಆರೋಪಿಗಳ ವಕೀಲರು ಅದೇ ದಾರಿ ಹಿಡಿದರು. ಆ ಎಲೆಗಳಲ್ಲಿ ಯಾರು ಉಂಡಿದ್ದರೆಂಬುದಕ್ಕೆ ಖಾಜಾಸಾಬನ ಮಾತು ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಅವನ ಮಾತನ್ನು ಅವರು ಆಗಲೇ ಸುಳ್ಳೆಂದು ಜಾಡಿಸಿದ್ದರು. ನನ್ನ ಸರದಿ ಬಂದಾಗ ಜನರ ಕಡೆ ತಿರುಗಿ, ದನಿ ಎತ್ತಿ ಕೇಳಿದರು: “ಮರ್ಯಾದಸ್ಥ ಮನಿತನದ ಹೆಣ್ಮಗಳು ನೀವು. ನನ್ನ ಮೂರೂ ಕಕ್ಷಿದಾರರು ಉಂಡು ಎದ್ದ ಎಂಜಲ ಎಲಿಗೆ ಕೈ ಹಾಕಲಿಕ್ಕೆ ನಿಮಗ ಹೇಸಿಗಿ ಬರಲಿಲ್ಲೇನ್ರಿ?”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. ಪೆನ್ನು ಎತ್ತಿ, “ಆ ಎಲೆಗಳಲ್ಲಿ ಉಂಡವರು ನಿಮ್ಮ ಕಕ್ಷಿದಾರರೇ ಎಂದು ಬರೆದುಕೊಳ್ಳಲೇ?” ಎಂದರು.

ವಕೀಲರು ಕಡತ ಮುಚ್ಚಿ ಕುಳಿತರು. ನಾನು ಉತ್ತರ ಹೇಳುವ ಅಗತ್ಯ ಬೀಳಲಿಲ್ಲ.

ಮೂವರಿಗೂ ಶಿಕ್ಷೆಯಾಯಿತು. ಅಂದು ವರಾಂಡದಲ್ಲಿ ಖಾಜಾಸಾಬ ನನ್ನ ಹತ್ತಿರ ಬಂದು ನಿಂತ. “ಅವರ ಮನಿ ಮದುವಿಗೋಳು ಇನ್ನ ನನಗ ಇಲ್ಲ ಅಮ್ಮಾ. ಹೋಗ್ಲಿ. ಸಣ್ಣ ಮಂದಿ ನಿಖಾನೂ ಆಗ್ತಾವ, ಅವರೂ ಉಣ್ತಾರ,” ಎಂದು ಹೇಳಿ ರಾಯಚೂರು ಬಸ್ಸು ಹಿಡಿದ.

ಮೇಲ್ಮನವಿಯಲ್ಲಿ ಜೈಲು ಶಿಕ್ಷೆ ರದ್ದಾಗಿ ದಂಡವಷ್ಟೇ ಉಳಿಯಿತು. ಆರೋಪಿಗಳು ಸಮಾಜದಲ್ಲಿ ಗೌರವಸ್ಥರು, ಇದು ಮೊದಲ ತಪ್ಪು ಎಂಬುದು ಕಾರಣ. ಕತ್ತರಿಸಿದ ಬೇಲಿ, ಸುಟ್ಟ ಹುಲ್ಲು, ಗೊರಸು ಮೂಡಿದ ಮರಿ ಯಾವುದೂ ಆ ವಾಕ್ಯದಲ್ಲಿ ಇರಲಿಲ್ಲ. ಎಲೆ ಬಿಡಿಸುವಾಗ ಬಾರದ ಹೇಸಿಗೆ ‘ಗೌರವಸ್ಥರು’ ಎಂಬ ಆ ಪದ ಓದುವಾಗ ಬಂತು.

ಆದರೂ ಆ ಪ್ರಕರಣ ನನಗೆ ಕೆಲಸ ಕಲಿಸಿತು. ಕಾಡು ಹಾಳು ಮಾಡುವವರು ಬಂದೂಕು ಅಡಗಿಸುತ್ತಾರೆ, ತೊಗಲು ಅಡಗಿಸುತ್ತಾರೆ. ನಾವು ಮುಟ್ಟಲಾರೆವು ಎಂದು ಅವರಿಗೆ ಖಾತ್ರಿ ಇರುವುದನ್ನು ಮಾತ್ರ ಬಯಲಲ್ಲೇ ಬಿಟ್ಟು ಹೋಗುತ್ತಾರೆ. ಈಗ ಅರಣ್ಯದವರು ಕರೆಸಿದಾಗ ಹೆಣದ ಹತ್ತಿರ ಆಮೇಲೆ ಹೋಗುತ್ತೇನೆ. ಅವರು ಎಲ್ಲಿ ಉಂಡರು, ಎಲ್ಲಿ ಉಗುಳಿದರು, ಎಲ್ಲಿ ಒಗೆದರು, ಮೊದಲು ಅದನ್ನು ತೋರಿಸಿ ಎನ್ನುತ್ತೇನೆ.